ಎನ್‌ಎಂಎಂಎಸ್ ಗೆದ್ದ ಹುಡುಗಿಗೆ ಪಿಯುಸಿಯಲ್ಲಿ ಹಣ ನಿಂತಿದ್ದೇಕೆ? ಮಂಡ್ಯ, ಮೈಸೂರು ಸೀಮೆಯ ಹಳ್ಳಿ ಶಾಲೆಗಳವರು ದಯವಿಟ್ಟು ಓದಿ

ಬಸರಾಳು ಸೀಮೆಯವನು

ನಮ್ಮ ಊರಿನ ಹುಡುಗಿಯೊಬ್ಬಳು ಎಂಟನೇ ತರಗತಿಯಲ್ಲಿದ್ದಾಗ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾದಳು. ಆ ವರ್ಷ ನಮ್ಮ ಸರ್ಕಾರಿ ಪ್ರೌಢಶಾಲೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಶಾಲೆಯ ಗೇಟಿಗೆ ಅವಳ ಫೋಟೊ ಹಾಕಿಸಿ ಫ್ಲೆಕ್ಸ್ ಕಟ್ಟಿದೆವು, ಆಗಸ್ಟ್ 15ರಂದು ಶಾಲು ಹೊದಿಸಿದೆವು. ನಾನು ಆಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಒಂಬತ್ತನೇ ತರಗತಿಯಲ್ಲಿ ₹12,000 ಬಂತು, ಹತ್ತನೆಯದರಲ್ಲಿಯೂ ಬಂತು. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಪೇಟೆಯ ಸರ್ಕಾರಿ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದಳು.

ಕಳೆದ ಭಾನುವಾರ ಅವಳ ತಂದೆ ಪಾಸ್‌ಬುಕ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಪಾಸ್‌ಬುಕ್. ಬೆರಳಿಟ್ಟು ಕೊನೆಯ ಸಾಲು ತೋರಿಸಿ, "ಅಣ್ಣ, ಈ ವರ್ಷದ ದುಡ್ಡು ಇನ್ನೂ ಬಂದಿಲ್ಲವಲ್ಲ, ಎಂಟ್ರಿ ಹಾಕಿಸಿದ್ದೇನೆ ನೋಡಿ" ಎಂದರು. ಮರುದಿನ ವಿಚಾರಿಸಿದೆ. ವಿದ್ಯಾರ್ಥಿವೇತನ ಪ್ರತಿ ವರ್ಷ ನವೀಕರಣ ಆಗಬೇಕಂತೆ. ಒಂಬತ್ತು, ಹತ್ತರಲ್ಲಿ ಶಾಲೆಯವರೇ ಮಾಡಿಸಿದ್ದರು. ಟಿಸಿ ಕೊಟ್ಟ ಮೇಲೆ ಅವರ ಲೆಕ್ಕದಿಂದ ಹುಡುಗಿ ಹೊರಗೆ ಹೋದಳು. ಕಾಲೇಜಿನವರಿಗೆ ಅವಳು ಎನ್‌ಎಂಎಂಎಸ್ ಹುಡುಗಿ ಎಂಬುದೇ ಗೊತ್ತಿರಲಿಲ್ಲ. ಅವಳಿಗೂ, ಅವಳ ಅಪ್ಪನಿಗೂ "ನವೀಕರಣ" ಎಂಬ ಮಾತನ್ನು ಯಾರೂ ಹೇಳಿರಲಿಲ್ಲ. ಕೊನೆಯ ದಿನಾಂಕ ದಾಟಿ ಹೋಗಿದೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲು ಹೊದಿಸಿದವರಲ್ಲಿ ನಾನೂ ಒಬ್ಬ. ಆ ದಿನವೇ ಒಂದು ಕಾಗದದಲ್ಲಿ ನಾಲ್ಕು ವರ್ಷ ಏನೇನು ಮಾಡಬೇಕು ಎಂದು ಬರೆದುಕೊಟ್ಟಿದ್ದರೆ ಸಾಕಿತ್ತು.

ಇಲ್ಲಿ ಶಿಕ್ಷಕರಿದ್ದೀರಿ, ಪೋಷಕರಿದ್ದೀರಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಇರುವ ಅವಕಾಶಗಳ ಸುದ್ದಿ ಮನೆ ಮುಟ್ಟುವಂತೆ ಮಾಡುವುದು ಹೇಗೆ? ನಿಮ್ಮ ಊರಿನಲ್ಲಿ ಏನು ಮಾಡಿದ್ದೀರಿ, ಹೇಳಿ.

ನಿವೃತ್ತ ಮೇಷ್ಟ್ರು, ಪಾಂಡವಪುರ

ಓದಿ ಸಂಕಟವಾಯಿತು. ಇಂಥದ್ದನ್ನು ನಾನು ಒಂದಲ್ಲ, ಹಲವು ಬಾರಿ ಕಂಡಿದ್ದೇನೆ. ಹೊಸಬರಿಗಾಗಿ ನಿಯಮಗಳನ್ನು ಬರೆಯುತ್ತೇನೆ.

ಇದು 2008ರಲ್ಲಿ ಶುರುವಾದ ಕೇಂದ್ರದ ಯೋಜನೆ. ಮೊದಲು ತಿಂಗಳಿಗೆ ₹500 ಇತ್ತು, ಆಮೇಲೆ ₹1,000 ಆಯಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯಬಹುದು. ನವೋದಯ, ಕೇಂದ್ರೀಯ ವಿದ್ಯಾಲಯ ಮತ್ತು ಸರ್ಕಾರದ ವಸತಿ ಶಾಲೆಗಳವರಿಗೆ ಇಲ್ಲ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. ಏಳನೆಯದರಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟರಿಗೆ ಶೇ 5 ರಿಯಾಯಿತಿ. ಹತ್ತನೇ ತರಗತಿಯಲ್ಲಿ ಶೇ 60, ಪರಿಶಿಷ್ಟರಾದರೆ ಶೇ 55 ಬಂದರೆ ಮಾತ್ರ ಪಿಯುಸಿಯಲ್ಲಿ ಮುಂದುವರಿಯುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಪಿಯುಸಿಗೆ ಅನುದಾನರಹಿತ ಖಾಸಗಿ ಕಾಲೇಜಿಗೆ ಸೇರಿಸಿದರೆ ವಿದ್ಯಾರ್ಥಿವೇತನ ನಿಂತು ಹೋಗುತ್ತದೆ. ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿಯೇ ಓದಬೇಕು. ನಮ್ಮ ಕಡೆಯವರು ನೀಟ್ ಆಸೆಗೆ ಮೈಸೂರಿನ ಕಾಲೇಜುಗಳಿಗೆ ಸಾಲ ಮಾಡಿ ಸೇರಿಸುವಾಗ ಈ ₹24,000 ಬಿಟ್ಟುಕೊಡುತ್ತಿದ್ದೇವೆ ಎಂಬುದು ಅವರ ಗಮನಕ್ಕೇ ಬಂದಿರುವುದಿಲ್ಲ. ಗೊತ್ತಿದ್ದು ಬಿಡುವುದು ಅವರ ಇಷ್ಟ. ಗೊತ್ತಿಲ್ಲದೆ ಬಿಡುವಂತಾಗಬಾರದು.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಪಾಠದ ವಿಷಯಗಳದು, ಇನ್ನೊಂದು ಮಾನಸಿಕ ಸಾಮರ್ಥ್ಯದ್ದು. ನಮ್ಮ ಮಕ್ಕಳು ಎಡವುವುದು ಎರಡನೆಯದರಲ್ಲಿ, ಏಕೆಂದರೆ ಅಂಥ ಪ್ರಶ್ನೆಯನ್ನೇ ಅವರು ಕಂಡಿರುವುದಿಲ್ಲ. ಕನ್ನಡಿಯಲ್ಲಿ ಗಡಿಯಾರ ನಾಲ್ಕು ಗಂಟೆ ತೋರಿಸಿದರೆ ನಿಜವಾದ ಸಮಯ ಎಷ್ಟು ಎಂಬ ಲೆಕ್ಕ ನಾನು ಹಲಗೆಯ ಮೇಲೆ ಎಷ್ಟು ಬಿಡಿಸಿದರೂ ಒಂದು ತಂಡಕ್ಕೆ ಹತ್ತಲಿಲ್ಲ. ಮರುದಿನ ನಾನು ಗಡ್ಡ ಕೆರೆಯುವ ಕನ್ನಡಿಯನ್ನೇ ಶಾಲೆಗೆ ತಂದು, ಗೋಡೆ ಗಡಿಯಾರವನ್ನು ಕೆಳಗಿಳಿಸಿ ಎದುರಿಗಿಟ್ಟೆ. ಮುಳ್ಳು ತಿರುಗಿಸುತ್ತಾ ಹೋದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಬೆಳಿಗ್ಗೆ ಕುರಿ ಬಿಟ್ಟು ಬಂದು ತೂಕಡಿಸುತ್ತಿದ್ದವನು, ಎದ್ದು ನಿಂತು "ಸಾರ್, ಎರಡನ್ನೂ ಕೂಡಿದರೆ ಯಾವಾಗಲೂ ಹನ್ನೆರಡು ಬರುತ್ತದೆ" ಎಂದ. ನಾನು ಸೂತ್ರ ಹೇಳಿಯೇ ಇರಲಿಲ್ಲ. ಆ ವರ್ಷ ಆಯ್ಕೆಯಾದವರಲ್ಲಿ ಅವನೂ ಇದ್ದ.

ಸೈಬರ್ ಸೆಂಟರ್, ನಾಗಮಂಗಲ

ಅರ್ಜಿ ತುಂಬುವ ಕೆಲಸದಲ್ಲಿರುವವನು ನಾನು. ನನ್ನ ಮೇಜಿನ ಮುಂದೆ ಅರ್ಜಿ ಎಲ್ಲೆಲ್ಲಿ ಮುಗ್ಗರಿಸುತ್ತದೆ ಎಂದು ಹೇಳುತ್ತೇನೆ.

ಮೊದಲನೆಯದು ಹೆಸರು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ "ಗೌಡ" ಇದೆ, ಇನ್ನೊಂದರಲ್ಲಿ ಇಲ್ಲ. ಮನುಷ್ಯರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ. ಎರಡನೆಯದು ಬ್ಯಾಂಕ್. ಸರ್ಕಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ಮಗುವಿಗೆ ಎರಡು ಖಾತೆ ಇದ್ದರೆ ಪಾಸ್‌ಬುಕ್ ನೋಡುವುದು ಒಂದರದು, ಹಣ ಬೀಳುವುದು ಇನ್ನೊಂದಕ್ಕೆ. ಮೂರನೆಯದು ಮೊಬೈಲ್ ಸಂಖ್ಯೆ. ಅರ್ಜಿ ಹಾಕುವಾಗ ಪಕ್ಕದ ಮನೆಯವರ ನಂಬರ್ ಕೊಟ್ಟಿರುತ್ತಾರೆ. ಮುಂದಿನ ವರ್ಷ ಒಟಿಪಿ ಎಲ್ಲಿಗೋ ಹೋಗುತ್ತದೆ.

ಈಗ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಮ್ಮೆ ನೋಂದಾಯಿಸಿ ಒಟಿಆರ್ ಸಂಖ್ಯೆ ಪಡೆಯಬೇಕು. ಆ ಸಂಖ್ಯೆಯನ್ನು ದಯವಿಟ್ಟು ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ನಾನು ಚೀಟಿಯಲ್ಲಿ ಬರೆದುಕೊಟ್ಟರೆ ಅದು ಅಂಗಿಯ ಜೇಬಿನಲ್ಲಿಯೇ ಒಗೆತಕ್ಕೆ ಹೋಗುತ್ತದೆ. ಇನ್ನೊಂದು: ನಾವು "ಸಬ್‌ಮಿಟ್" ಒತ್ತಿದ ಕೂಡಲೇ ಕೆಲಸ ಮುಗಿಯಲಿಲ್ಲ. ಶಾಲೆ ಅಥವಾ ಕಾಲೇಜು ಒಮ್ಮೆ ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯ ಮಟ್ಟದಲ್ಲಿ ಇನ್ನೊಮ್ಮೆ. ಕಾಲೇಜಿನ ಹಂತದಲ್ಲಿಯೇ ಕೂತುಬಿಟ್ಟ ಅರ್ಜಿಗಳು ಎಷ್ಟೋ. ಅರ್ಜಿ ಹಾಕಿದ ಮೇಲೆ ಕಾಲೇಜಿಗೆ ಹೋಗಿ "ನನ್ನದು ಆಯಿತೇ" ಎಂದು ಕೇಳಲೇಬೇಕು.

ಗೆಜ್ಜಲಗೆರೆ ಪಕ್ಕದವನು

ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದೀರಿ, ಆದರೆ ನನಗೆ ಬೇರೆ ಬೇಸರವಿದೆ. ಒಂದು ಮಗು ಆಯ್ಕೆಯಾದರೆ ಫ್ಲೆಕ್ಸ್. ಉಳಿದ ಮೂವತ್ತು ಮಕ್ಕಳ ಗತಿಯೇನು? ನನ್ನ ತಮ್ಮನ ಮಗ ಓದುವ ಶಾಲೆಯಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಜೂನ್, ಜುಲೈ ಕಳೆದಿರುತ್ತದೆ. ಗಣಿತವನ್ನೇ ಕಲಿಸದೆ ಗಣಿತದ ಪರೀಕ್ಷೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿ ಏನು ಪ್ರಯೋಜನ? ಇನ್ನು ಸುತ್ತೋಲೆಯ ಮಾತು. ಅದು ಶಾಲೆಗೆ ಬಂದಿರುತ್ತದೆ. ಮುಖ್ಯ ಶಿಕ್ಷಕರು ಬೀರುವಿನಲ್ಲಿ ಇಟ್ಟು ಸುಮ್ಮನಾಗುತ್ತಾರೆ. ತಪ್ಪು ಅಲ್ಲಿಯೇ ಇರುವುದು.

ಮುಖ್ಯ ಶಿಕ್ಷಕಿ, ಮಳವಳ್ಳಿ ತಾಲ್ಲೂಕು

ಗೆಜ್ಜಲಗೆರೆ ಅಣ್ಣನವರೇ, ಶಿಕ್ಷಕರ ಕೊರತೆಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಸಹಮತವಿದೆ. ಬೀರುವಿನ ಮಾತು ಮಾತ್ರ ಮನಸ್ಸಿಗೆ ನೋವು ಮಾಡಿತು.

ನನ್ನ ಒಂದು ಬೆಳಗನ್ನು ಹೇಳುತ್ತೇನೆ. ಹಾಲಿನ ಪುಡಿ ಎಷ್ಟು ಉಳಿದಿದೆ, ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ, ಇದರ ಲೆಕ್ಕ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದೇವೆ. ಮಕ್ಕಳ ಮುಖ ನೋಡಿದರೆ ಸಂತೋಷವಾಗುತ್ತದೆ, ಆದರೆ ಬರೆಯುವ ಲೆಕ್ಕವೂ ಅಷ್ಟೇ ಇದೆ. ಸ್ಯಾಟ್ಸ್ ಎಂಬ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ಹಾಜರಾತಿ, ಅಂಕ. ಯುಡೈಸ್‌ಗೆ ಶಾಲೆಯ ಮಾಹಿತಿ. ಹನ್ನೊಂದು ಗಂಟೆಯೊಳಗೆ ಕಳಿಸಿ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹತ್ತೂವರೆಗೆ ಬರುವ ನಮೂನೆ. ನಡುವೆ ನನ್ನದೇ ಎರಡು ಪೀರಿಯಡ್ ಪಾಠ. ಆ ಗುಂಪಿನಲ್ಲಿ ಎನ್‌ಎಂಎಂಎಸ್ ಸುತ್ತೋಲೆ ಬಂದ ದಿನವೇ ಮತ್ತೆ ನಲವತ್ತು ಸಂದೇಶ ಬಂದಿರುತ್ತವೆ. ಸಂಜೆ ಮೊಬೈಲ್ ತೆರೆದಾಗ ಅದು ಎಲ್ಲಿಯೋ ಮೇಲೆ ಹೋಗಿರುತ್ತದೆ. ಬೀರುವಿನಲ್ಲಿ ಇಡಲು ಕಾಗದವೇ ಬರುವುದಿಲ್ಲ ಈಗ.

ಆದರೂ ಮಾಡುತ್ತಿದ್ದೇವೆ. ಮಕ್ಕಳ ವಿಜ್ಞಾನದ ಹೊಸ ಆಲೋಚನೆಗಳಿಗೆ ಕೇಂದ್ರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಗೆ ಒಂದು ಶಾಲೆಯಿಂದ ಐದು ಮಕ್ಕಳ ಆಲೋಚನೆ ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು ₹10,000 ಬರುತ್ತದೆ. ಅನೇಕ ಶಾಲೆಗಳು ಇಂಟರ್‌ನೆಟ್‌ನಿಂದ ಇಳಿಸಿದ ಆಲೋಚನೆ ಕಳಿಸುತ್ತವೆ. ನಾನು ಮಕ್ಕಳಿಗೆ "ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಕೆಲಸದಲ್ಲಿ ನೋವಾಗುತ್ತದೆ, ಅದನ್ನು ಬರೆದು ತನ್ನಿ" ಎಂದೆ. ಏಳನೇ ತರಗತಿಯ ಹುಡುಗನೊಬ್ಬ ಆಲೆಮನೆಯ ಬಗ್ಗೆ ಬರೆದಿದ್ದ. ಅವನ ತಾಯಿ ಅಲ್ಲಿ ಕೆಲಸ ಮಾಡುತ್ತಾರೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿನ ಕೊಳೆ ತೆಗೆಯುವಾಗ ಹಬೆಗೆ ಮೊಣಕೈವರೆಗೆ ಬೊಬ್ಬೆ ಏಳುತ್ತದೆ. ಜಾಲರಿಗೆ ಬಾಗಿದ ಹಿಡಿ ಇದ್ದರೆ ಮಗ್ಗುಲಲ್ಲಿ ನಿಂತು ತೆಗೆಯಬಹುದು ಎಂದು ಅವನು ಪೆನ್ಸಿಲ್‌ನಲ್ಲಿ ಚಿತ್ರ ಬರೆದಿದ್ದ. ಹಿಡಿಯ ಉದ್ದಕ್ಕೆ ತಾಯಿಯ ಕೈಯನ್ನೇ ದಾರದಿಂದ ಅಳೆದು ತಂದಿದ್ದ, ಆ ದಾರವನ್ನು ಹಾಳೆಗೆ ಅಂಟಿಸಿದ್ದ. ಅದು ಆಯ್ಕೆಯಾಗಲಿಲ್ಲ. ಆ ಹಾಳೆ ಮಾತ್ರ ನನ್ನ ಬೀರುವಿನಲ್ಲಿಯೇ ಇದೆ. ನಾನು ಬೀರುವಿನಲ್ಲಿ ಇಡುವುದು ಇಂಥದ್ದನ್ನು.

ಗೆಜ್ಜಲಗೆರೆ ಪಕ್ಕದವನು

ಮೇಡಂ, ಕ್ಷಮಿಸಿ. ನನ್ನ ಮಾತು ಒರಟಾಯಿತು. ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ.

ಕಿಕ್ಕೇರಿ ಹೋಬಳಿಯ ತಾಯಿ

ನನ್ನದು ಒಂದು ಪ್ರಶ್ನೆ. ಮಗಳು ಈಗ ಐದನೇ ತರಗತಿ, ನಮ್ಮೂರ ಸರ್ಕಾರಿ ಶಾಲೆ. ನವೋದಯಕ್ಕೆ ಬರೆಸಬೇಕು ಎಂದಿದ್ದೇವೆ. ಮೂರನೆಯ ತರಗತಿಯಲ್ಲಿ ನನಗೆ ಹುಷಾರಿಲ್ಲದಾಗ ನಾಲ್ಕು ತಿಂಗಳು ಮಂಡ್ಯದಲ್ಲಿ ನನ್ನ ತಾಯಿಯ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋಗಿದ್ದಳು. ಅದರಿಂದ ಏನಾದರೂ ತೊಂದರೆಯೇ ಮೇಷ್ಟ್ರೇ?

ಇನ್ನೊಂದು, ತರಬೇತಿ ಎಂದು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿಸುತ್ತಾರಲ್ಲ, ಅದನ್ನು ದಯವಿಟ್ಟು ಯೋಚಿಸಿ. ನನ್ನ ದೊಡ್ಡ ಮಗಳು ಪ್ರೌಢಶಾಲೆಗೆ ಬಸ್ಸಿನಲ್ಲಿ ಹೋಗುತ್ತಾಳೆ. 2023ರಿಂದ ಹೆಣ್ಣು ಮಕ್ಕಳಿಗೆ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ನಮ್ಮೂರಿಗೆ ಸಂಜೆ ಬರುವುದು ಒಂದೇ ಬಸ್. ಅದು ತಪ್ಪಿದರೆ ಕತ್ತಲಲ್ಲಿ ಕಬ್ಬಿನ ಗದ್ದೆಯ ದಾರಿಯಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಅದಕ್ಕೇ ಅವಳನ್ನು ತರಬೇತಿಗೆ ಕಳಿಸಲಿಲ್ಲ. "ಪೋಷಕರಿಗೆ ಆಸಕ್ತಿ ಇಲ್ಲ" ಎಂದು ಶಾಲೆಯಲ್ಲಿ ಹೇಳಿದರಂತೆ.

ನಿವೃತ್ತ ಮೇಷ್ಟ್ರು, ಪಾಂಡವಪುರ

ತಾಯಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮಗೆ ಇಷ್ಟವಾಗಲಾರದು, ಆದರೂ ಈಗಲೇ ತಿಳಿದಿರಲಿ. ನವೋದಯದಲ್ಲಿ ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದು, ಈ ಮೂರು ತರಗತಿಗಳಲ್ಲಿ ಒಂದು ದಿನವಾದರೂ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಆ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ಹಾಗೆಂದು ಅರ್ಜಿ ಹಾಕಲು ಅಡ್ಡಿಯಿಲ್ಲ. ಉಳಿದ ಸೀಟುಗಳಿಗೆ ಅವಳು ಸ್ಪರ್ಧಿಸಬಹುದು. ಪರೀಕ್ಷೆ ಕನ್ನಡದಲ್ಲಿಯೇ ಬರೆಯಬಹುದು, ಅರ್ಜಿಗೆ ಶುಲ್ಕವಿಲ್ಲ, ಒಂದು ಮಗುವಿಗೆ ಒಂದೇ ಅವಕಾಶ. ಅರ್ಜಿಯಲ್ಲಿ ಇರುವುದನ್ನು ಇದ್ದಂತೆ ಬರೆಯಿರಿ. ಮುಚ್ಚಿಟ್ಟು ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಹೊರಬಿದ್ದರೆ ಮಗುವಿನ ಮನಸ್ಸು ಮುರಿಯುತ್ತದೆ.

ಅದೊಂದಕ್ಕೇ ಜೋತು ಬೀಳಬೇಡಿ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಪ್ರವೇಶ ಪರೀಕ್ಷೆ ಇದೆ. ಆದರ್ಶ ವಿದ್ಯಾಲಯಕ್ಕೆ ಬೇರೆ ಪರೀಕ್ಷೆ. ಅಲ್ಲಿ ಆಂಗ್ಲ ಮಾಧ್ಯಮ, ಊಟ ವಸತಿ ಇಲ್ಲ. ಒಂದಕ್ಕೆ ಓದಿದ್ದು ಉಳಿದವಕ್ಕೂ ಬಹುಮಟ್ಟಿಗೆ ಆಗಿಬರುತ್ತದೆ.

ಬಸ್ಸಿನ ವಿಷಯದಲ್ಲಿ ನಾನು ತಲೆ ತಗ್ಗಿಸುತ್ತೇನೆ. ನಾನೂ ಸಂಜೆ ತರಗತಿಯನ್ನೇ ನಡೆಸಿದವನು. ಬರದ ಹೆಣ್ಣು ಮಕ್ಕಳ ಹೆಸರಿನ ಮುಂದೆ ಗೈರು ಎಂದು ಬರೆದವನು.

ಅರಿವು ಕೇಂದ್ರದ ಮೇಲ್ವಿಚಾರಕಿ, ಟಿ. ನರಸೀಪುರ ತಾಲ್ಲೂಕು

ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದೇವೆ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಮಕ್ಕಳು ಊರಿಗೆ ಬಂದು ಊಟ ಮಾಡಿ ಎರಡು ಗಂಟೆಗೆ ಗ್ರಂಥಾಲಯಕ್ಕೆ ಬರುತ್ತಾರೆ. ಊರಿನೊಳಗೇ ಇರುವುದರಿಂದ ತಾಯಂದಿರಿಗೆ ಭಯವಿಲ್ಲ. ಕಂಪ್ಯೂಟರ್ ಇದೆ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ ಕೊಡುತ್ತೇನೆ. ಬಿಡಿಸಿಕೊಡಲು ಊರಿನ ಬಿ.ಎಸ್ಸಿ ಓದುವ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು ಪ್ರತಿ ಶನಿವಾರ ಬರುತ್ತಾಳೆ, ಇನ್ನೊಬ್ಬಳು ಆದಾಗ. ನಾಟಿ, ಕಟಾವಿನ ದಿನಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಅದಕ್ಕೆ ಬೇಸರ ಮಾಡಿಕೊಂಡು ನಿಲ್ಲಿಸಿಲ್ಲ.

ಎಚ್.ಡಿ. ಕೋಟೆ ಕಡೆಯವನು

ಎಲ್ಲರೂ ಹತ್ತನೆಯ ತರಗತಿಯ ಆಚೆ ಈಚೆ ಮಾತಾಡುತ್ತಿದ್ದೀರಿ. ಪಿಯುಸಿ ಮುಗಿದ ಮೇಲೆ ಏನಿದೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಕನ್ನಡ ಮಾಧ್ಯಮ, ಹಳ್ಳಿ ಶಾಲೆ ಎಂದು ನಾಚಿಕೊಳ್ಳುತ್ತಿದ್ದವನು ನಾನು. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ ಎಂಬುದು ನನಗೆ ತಿಳಿದದ್ದು ಅರ್ಜಿ ತುಂಬುವ ದಿನ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿಯೂ ಗ್ರಾಮೀಣರಿಗೆ ಶೇ 25, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಹತ್ತು ವರ್ಷವೂ ಪೂರ್ತಿ ಓದಿರಬೇಕು. ಐದನೆಯದಕ್ಕೋ ಎಂಟನೆಯದಕ್ಕೋ ಪೇಟೆಯ ಕಾನ್ವೆಂಟಿಗೆ ಸೇರಿಸುವ ಮುನ್ನ ಅಪ್ಪ ಅಮ್ಮಂದಿರು ಇದನ್ನೂ ತಕ್ಕಡಿಗೆ ಹಾಕಿ ನೋಡಲಿ.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿಯೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಿಂದ. ಪಿಯುಸಿ ಆದ ಮೇಲೆ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಎಸ್ಸಿ ಬಿ.ಎಡ್ ಮಾಡಬಹುದು, ಹಾಸ್ಟೆಲ್ ಇದೆ. ಇಡೀ ದಕ್ಷಿಣ ಭಾರತದಿಂದ ಮಕ್ಕಳು ಬಂದು ಓದುತ್ತಾರೆ. ನಾನು ಅಲ್ಲಿ ಓದಿದೆ. ನನ್ನ ತರಗತಿಯಲ್ಲಿ ಕೇರಳದ ಹಳ್ಳಿಗಳಿಂದ ಬಂದವರು ಇದ್ದರು. ಐವತ್ತು ಕಿಲೋಮೀಟರ್ ದೂರದ ನಮ್ಮ ತಾಲ್ಲೂಕಿನವನು ನಾನೊಬ್ಬನೇ ಇದ್ದೆ. ಅವರಿಗೆ ಯಾರೋ ಹೇಳಿದ್ದರು, ನಮ್ಮವರಿಗೆ ಹೇಳುವವರಿರಲಿಲ್ಲ. ಈಗ ಪ್ರತಿ ವರ್ಷ ನಮ್ಮೂರ ಕಾಲೇಜಿಗೆ ಹೋಗಿ ಹೇಳಿ ಬರುತ್ತೇನೆ.

ಗೆಜ್ಜಲಗೆರೆ ಪಕ್ಕದವನು

ನಾನು ಗೊಣಗಿದ್ದೇ ಬಂತು, ಉಪಯೋಗವಾಗುವುದನ್ನೂ ಒಂದು ಹೇಳುತ್ತೇನೆ. ನನ್ನ ಅಕ್ಕನ ಮಗ ಕೃಷಿಕರ ಕೋಟಾದಲ್ಲಿ ಬಿ.ಎಸ್ಸಿ ಕೃಷಿಗೆ ಸೇರಿದ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಸಲಕರಣೆಗಳನ್ನು ಗುರುತಿಸಬೇಕು. ಅವನ ಅಜ್ಜಿ ಮೊರದಲ್ಲಿ ಹುರುಳಿ, ಅಲಸಂದೆ, ತೊಗರಿ, ಹುಚ್ಚೆಳ್ಳು, ಸಜ್ಜೆ ಎಲ್ಲವನ್ನೂ ಬೇರೆ ಬೇರೆ ಗುಡ್ಡೆ ಮಾಡಿ ಕೂರಿಸಿ ಹೇಳಿಕೊಟ್ಟರು. ಓದು ಬಾರದ ಅಜ್ಜಿ ಮೊಮ್ಮಗನನ್ನು ಪರೀಕ್ಷೆಗೆ ತಯಾರು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಈಗ ಅವನು ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ.

ಬಸರಾಳು ಸೀಮೆಯವನು

ಎಲ್ಲರಿಗೂ ನಮಸ್ಕಾರ. ಎಲ್ಲವನ್ನೂ ಎರಡೆರಡು ಸಲ ಓದಿದೆ. ನನಗೆ ಒಂದು ವಿಚಾರ ಹೊಳೆದಿದೆ. ಶಾಲೆಯ ಸೂಚನಾ ಫಲಕವನ್ನು ಪೋಷಕರು ನೋಡುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಮೇಡಂ ಹೇಳಿದಂತೆ ಮುಳುಗಿ ಹೋಗುತ್ತದೆ. ಆದರೆ ನಮ್ಮ ಊರುಗಳಲ್ಲಿ ಬಹುತೇಕ ಮನೆಯವರು ದಿನಕ್ಕೆ ಎರಡು ಸಲ ಒಂದು ಕಡೆ ಬಂದು ನಿಲ್ಲುತ್ತಾರೆ. ಹಾಲಿನ ಡೈರಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತು, ಫ್ಯಾಟ್ ಎಷ್ಟು ಬಂತು ಎಂದು ಚೀಟಿ ನೋಡಿಕೊಂಡು ಹೋಗುತ್ತಾರೆ. ಹೆಚ್ಚಾಗಿ ತಾಯಂದಿರೇ ಬರುತ್ತಾರೆ. ಅಲ್ಲಿ ಒಂದು ಕಪ್ಪು ಹಲಗೆ ನೇತು ಹಾಕಿದರೆ? ಓದಲು ಬಾರದವರಿಗೆ ಸಾಲಿನಲ್ಲಿ ಮುಂದಿರುವವರು ಓದಿ ಹೇಳುತ್ತಾರೆ. ಡೈರಿ ಕಾರ್ಯದರ್ಶಿಯವರ ಬಳಿ ನಿನ್ನೆ ಸಂಜೆ ಮಾತಾಡಿದೆ, ಒಪ್ಪಿದ್ದಾರೆ.

ಮುಖ್ಯ ಶಿಕ್ಷಕಿ, ಮಳವಳ್ಳಿ ತಾಲ್ಲೂಕು

ಬಹಳ ಒಳ್ಳೆಯ ಯೋಚನೆ. ನಾನೂ ನಮ್ಮೂರ ಡೈರಿಯಲ್ಲಿ ಕೇಳುತ್ತೇನೆ. ನನ್ನ ಕಡೆಯಿಂದ ಒಂದು: ನಮ್ಮ ಶಾಲೆಯಿಂದ ಆಯ್ಕೆಯಾದ ಮಕ್ಕಳದೇ ಒಂದು ಪುಸ್ತಕ ಇಡುತ್ತೇನೆ. ಒಟಿಆರ್ ಸಂಖ್ಯೆ, ಬ್ಯಾಂಕ್, ಮೊಬೈಲ್ ಸಂಖ್ಯೆ, ಸೇರಿದ ಕಾಲೇಜು. ಟಿಸಿ ಕೊಡುವಾಗಲೇ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು ಮಗುವಿನ ಕೈಗೆ ಕೊಡುತ್ತೇನೆ. ದ್ವಿತೀಯ ಪಿಯುಸಿ ಮುಗಿಯುವವರೆಗೆ ಆ ಹೆಸರುಗಳನ್ನು ಹೊಡೆದು ಹಾಕುವುದಿಲ್ಲ.

ನಿಮ್ಮೂರ ಆ ಹುಡುಗಿಯನ್ನು ಕರೆದುಕೊಂಡು ಒಮ್ಮೆ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಗೆ ಹೋಗಿ ಬನ್ನಿ. ಎನ್‌ಎಂಎಂಎಸ್ ನೋಡಿಕೊಳ್ಳುವ ಅಧಿಕಾರಿಯನ್ನು ಕಂಡು ಮುಂದಿನ ವರ್ಷದ ಬಗ್ಗೆ ಕೇಳಿ. ಬಾಯಿ ಮಾತು ಬೇಡ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಹಳೇ ಎಂಬುದನ್ನೂ ನೋಡಿಸಿ.

ಕಿಕ್ಕೇರಿ ಹೋಬಳಿಯ ತಾಯಿ

ಡೈರಿಯ ಹಲಗೆಗೆ ನಮ್ಮೂರಿನಲ್ಲಿ ನಾನೇ ಬರೆಯುತ್ತೇನೆ. ಪಿಯುಸಿವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ. ಏನು ಬರೆಯಬೇಕೆಂದು ಯಾರಾದರೂ ಹೇಳಿದರೆ ಸಾಕು.

ಬಸರಾಳು ಸೀಮೆಯವನು

ಅಕ್ಕ, ನಾವು ಇವತ್ತು ಬೆಳಿಗ್ಗೆ ಬರೆದದ್ದನ್ನು ಹಾಗೆಯೇ ಕೆಳಗೆ ಹಾಕಿದ್ದೇನೆ. ಸೀಮೆಸುಣ್ಣದಲ್ಲಿ ಬರೆದದ್ದು ಆ ಹುಡುಗಿಯೇ. ಕೊನೆಯ ಸಾಲನ್ನು ಅವಳೇ ಸೇರಿಸಿದಳು, ನಾನು ಹೇಳಿರಲಿಲ್ಲ.

"8ನೇ ತರಗತಿ ಮಕ್ಕಳು: ಎನ್‌ಎಂಎಂಎಸ್ ಪರೀಕ್ಷೆ. ಆದಾಯ ಪ್ರಮಾಣಪತ್ರ ಇಲ್ಲದವರು ಈ ವಾರವೇ ನಾಡಕಚೇರಿಗೆ ಹೋಗಿ. 5ನೇ ತರಗತಿ ಮಕ್ಕಳು: ನವೋದಯ, ಮೊರಾರ್ಜಿ, ಆದರ್ಶ. ಶಾಲೆಯಲ್ಲಿ ದಿನಾಂಕ ಕೇಳಿ. ಶನಿವಾರ ಮಧ್ಯಾಹ್ನ 2ಕ್ಕೆ ಪಂಚಾಯಿತಿ ಗ್ರಂಥಾಲಯದಲ್ಲಿ ಅಭ್ಯಾಸ. ಆಯ್ಕೆಯಾದವರು ಪ್ರತಿ ವರ್ಷ ನವೀಕರಿಸಬೇಕು. ಗೊತ್ತಾಗದಿದ್ದರೆ ನಮ್ಮ ಮನೆಗೆ ಬನ್ನಿ, ನಾನು ತೋರಿಸುತ್ತೇನೆ."